ನಾವು ಮಾಡ್ತಿರೋದು ಏನು? ಏಳು ಜನ, ಏಳು ಉತ್ತರ

(ಈ ವಾರದ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತು ಇಲ್ಲದವರು ಓದ್ಕೊಳ್ಳಿ. ಮಾತಿನಲ್ಲಿ ಬಂದ ಕೆಲವು ಕಡೆ ಸ್ವಲ್ಪ ತಿದ್ದಿ ಬರೆದಿದ್ದೇವೆ.)

 

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ನೀವು ಒಂದು ಟೀಮ್‌ನಲ್ಲಿ ಇದ್ದೀರಿ ಅಂದ್ಕೊಳ್ಳಿ. ಕಾಲೇಜು ಪ್ರಾಜೆಕ್ಟ್ ಇರಬಹುದು, ಊರಿನ ಗಣಪತಿ ಕಮಿಟಿ ಇರಬಹುದು, ಸ್ಟಾರ್ಟ್‌ಅಪ್ ಇರಬಹುದು. ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಪಕ್ಕದವರಿಗೆ ತೋರಿಸದೆ ಬರೀರಿ ಅಂತ ಹೇಳಿ: "ನಾವು ಮಾಡ್ತಿರೋದು ಏನು?" ಎಲ್ಲ ಚೀಟಿಯಲ್ಲೂ ಒಂದೇ ಉತ್ತರ ಬರುತ್ತೆ ಅಂತ ನಿಮಗೆ ನಂಬಿಕೆ ಇದೆಯಾ?

ನನಗಿತ್ತು. ನಮ್ಮ ಟೀಮ್‌ನಲ್ಲಿ ಏಳು ಜನ. ನಾಲ್ಕು ತಿಂಗಳು ಕೆಲಸ ಮಾಡಿದ್ವಿ. ಚೀಟಿ ಬಿಚ್ಚಿದಾಗ ಏಳು ಬೇರೆ ಬೇರೆ ಉತ್ತರ.

ಹಿನ್ನೆಲೆ ಹೇಳ್ಬಿಡ್ತೀನಿ

ನಾನು ಓದಿದ್ದು ಬಿ.ಕಾಂ. ಕೋಡ್ ಬರಲ್ಲ, ಕಾಡಿನ ವಿಷಯವೂ ಅಷ್ಟಕ್ಕಷ್ಟೆ. ಎರಡು ವರ್ಷದ ಹಿಂದೆ ಸ್ನೇಹಿತರೊಬ್ಬರು ಫೋನ್ ಮಾಡಿ, "ಕಾಡಾನೆ ಬಂದಾಗ ಜನರನ್ನ ಎಚ್ಚರಿಸೋ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಮಾಡ್ತಿದ್ದೀವಿ, ಸ್ವಲ್ಪ ಗ್ರಾಂಟ್ ಬಂದಿದೆ, ಲೆಕ್ಕ ನೋಡ್ಕೋತೀಯಾ?" ಅಂದ್ರು. ಹೂಂ ಅಂದೆ.

ಜಾಗ ಮಲೆನಾಡಿನ ಒಂದು ಕಾಫಿ ತೋಟಗಳ ಸೀಮೆ. ಊರಿನ ಹೆಸರು ಹೇಳಲ್ಲ. ಯಾಕೆ ಅಂತ ಕೇಳ್ತಾ ಹೋದ್ರೆ ಗೊತ್ತಾಗುತ್ತೆ.

ಟೀಮ್ ಹೀಗಿತ್ತು: ಬೆಂಗಳೂರಿನ ಇಬ್ಬರು ಕೋಡರ್‌ಗಳು, ಎಲೆಕ್ಟ್ರಾನಿಕ್ಸ್ ಓದ್ತಿದ್ದ ಒಬ್ಬ ವಿದ್ಯಾರ್ಥಿ, ಒಬ್ಬ ಡಿಸೈನರ್, ಆನೆಗಳ ಬಗ್ಗೆ ಸಂಶೋಧನೆ ಮಾಡ್ತಿದ್ದ ಒಬ್ಬರು, ಲೆಕ್ಕಕ್ಕೆ ನಾನು. ಮತ್ತೆ ಆ ಊರಿನವರೇ ಆದ ಒಬ್ಬರು. ಅವರನ್ನ ನಾವೆಲ್ಲ ಅಣ್ಣ ಅಂತಲೇ ಕರೆಯೋದು. ತೋಟದಲ್ಲೇ ಹುಟ್ಟಿ ಬೆಳೆದವರು.

ಓಪನ್ ಸೋರ್ಸ್ ಅಂದ್ರೇನು ಅಂತ ಒಂದೇ ಮಾತಲ್ಲಿ: ಸಾಫ್ಟ್‌ವೇರ್‌ನ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟಿರುತ್ತೆ. ಯಾರು ಬೇಕಾದ್ರೂ ನೋಡಬಹುದು, ಬದಲಾಯಿಸಬಹುದು, ತಮ್ಮ ಊರಿಗೆ ತಕ್ಕ ಹಾಗೆ ಬಳಸಬಹುದು. ಸಂರಕ್ಷಣೆಯ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು, ಯಾಕಂದ್ರೆ ಈ ಕ್ಷೇತ್ರದಲ್ಲಿ ದುಡ್ಡು ಕಮ್ಮಿ, ಸಮಸ್ಯೆಗಳು ಒಂದೇ ಥರದವು. ಒಬ್ಬರು ಮಾಡಿದ್ದು ಹತ್ತು ಜನಕ್ಕೆ ಆಗುತ್ತೆ.

ಮೂರನೇ ತಿಂಗಳಲ್ಲಿ ಒಂದು ಘಟನೆ ಆಯ್ತು. ನಾವು ಪರೀಕ್ಷೆಗೆ ಅಂತ ಒಂದು ಮ್ಯಾಪ್ ಮಾಡಿ, ಆನೆ ಕಂಡ ಜಾಗಕ್ಕೆ ಒಂದು ಚುಕ್ಕೆ ಬೀಳೋ ಹಾಗೆ ಇಟ್ಟಿದ್ವಿ. ಲಿಂಕ್‌ಗೆ ಪಾಸ್‌ವರ್ಡ್ ಹಾಕಿರಲಿಲ್ಲ. ಓಪನ್ ಅಲ್ವಾ, ಎಲ್ಲ ಓಪನ್ ಇರ್ಲಿ ಅನ್ನೋ ಹುಮ್ಮಸ್ಸು. ಆ ಲಿಂಕ್ ಯಾವುದೋ ವಾಟ್ಸ್ಆ್ಯಪ್ ಗ್ರೂಪ್‌ಗೆ ಫಾರ್ವರ್ಡ್ ಆಯ್ತು. ಒಂದು ಸಂಜೆ ನಾಲ್ಕೈದು ಬೈಕ್‌ನಲ್ಲಿ ಹುಡುಗರು ತೋಟದ ರಸ್ತೆಗೆ ಬಂದುಬಿಟ್ರು, ಒಂಟಿ ಸಲಗದ ರೀಲ್ ಮಾಡೋಕೆ. ಹಾರ್ನ್, ಕೂಗಾಟ, ಫ್ಲ್ಯಾಶ್. ಆನೆ ಗಾಬರಿಯಾಗಿ ತಿರುಗಿದ್ದು ಲೈನ್ ಮನೆಗಳ ಕಡೆಗೆ.

ಅವತ್ತು ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ, ನಮ್ಮ ಜಾಣತನ ಅಲ್ಲ. ಅಣ್ಣ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ರು: "ಜನರನ್ನ ಆನೆಯಿಂದ ದೂರ ಇಡೋಕೆ ಅಂತ ನಾನು ಬಂದದ್ದು." ಆಮೇಲೆ ಹತ್ತು ದಿನ ಉತ್ತರವೇ ಇಲ್ಲ.

ಜಗಳ ಯಾಕೆ ಬಗೆಹರೀತಿರಲಿಲ್ಲ?

ಮಾಮೂಲಿ ಕಂಪನಿಯಲ್ಲಿ ಜಗಳ ಆದ್ರೆ ಮೇಲೊಬ್ಬ ಬಾಸ್ ಇರ್ತಾರೆ. "ಇದು ಹೀಗೇ ಆಗಲಿ" ಅಂತಾರೆ, ಮುಗೀತು. ಓಪನ್ ಸೋರ್ಸ್‌ನಲ್ಲಿ ಸುಮಾರು ಜನ ಬಿಡುವಿನ ಹೊತ್ತಲ್ಲಿ, ಪ್ರೀತಿಗೆ ಕೆಲಸ ಮಾಡೋರು. ಯಾರೂ ಯಾರಿಗೂ ಆರ್ಡರ್ ಹಾಕೋ ಹಾಗಿಲ್ಲ. ಒಪ್ಪಿಗೆ ಆಗದಿದ್ರೆ ಎರಡೇ ದಾರಿ. ಒಂದು, ಸುಮ್ಮನೆ ಮಾಯ ಆಗೋದು. ಎರಡು, ಅದೇ ಕೋಡ್ ಕಾಪಿ ಮಾಡ್ಕೊಂಡು ಬೇರೆ ದಾರಿ ಹಿಡಿಯೋದು. ಇದಕ್ಕೆ ಫೋರ್ಕ್ ಅಂತಾರೆ. ದೊಡ್ಡ ಸಾಫ್ಟ್‌ವೇರ್ ಲೋಕದಲ್ಲಿ ಫೋರ್ಕ್ ಆದ್ರೆ ನಡೆಯುತ್ತೆ, ಜನ ಬೇಕಾದಷ್ಟಿದ್ದಾರೆ. ಏಳು ಜನರ ಟೀಮ್ ಒಡೆದು ಮೂರೂ ನಾಲ್ಕೂ ಆದ್ರೆ, ಊರಿಗೆ ಸಿಗೋದು ಎರಡು ಅರ್ಧಂಬರ್ಧ ಆ್ಯಪ್.

ಇನ್ನೊಂದು ಸಮಸ್ಯೆ ಇದೆ. ಕೋಡ್ ತೆರೆದಿರುತ್ತೆ, ಎಲ್ಲರಿಗೂ ಕಾಣುತ್ತೆ. ಆದ್ರೆ ಆ ಕೋಡ್ ಬರೆಯೋವಾಗ ತಲೆಯಲ್ಲಿ ಇದ್ದ ಊಹೆ ಯಾರಿಗೂ ಕಾಣಲ್ಲ. "ಬಳಸೋರ ಹತ್ರ ಸ್ಮಾರ್ಟ್‌ಫೋನ್ ಇರುತ್ತೆ" ಅನ್ನೋದು ಒಂದು ಊಹೆ. "ಆನೆ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ" ಅನ್ನೋದು ಇನ್ನೊಂದು. ಇಂಥವನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಯಾಕಂದ್ರೆ ಇದು ಊಹೆ ಅಂತಲೇ ಅನ್ಸಿರಲ್ಲ. ಹೇಳದ್ದನ್ನ ಚರ್ಚೆ ಮಾಡೋದು ಹೇಗೆ?

ನಮ್ಮ ಡಿಸೈನರ್ ಆಗ ಹೇಳಿದ್ದು: "ಕೋಡ್ ನಿಲ್ಲಿಸೋಣ. ಎರಡು ದಿನ ಡಿಸೈನ್ ವರ್ಕ್‌ಶಾಪ್ ಮಾಡೋಣ."

ನಿಜ ಹೇಳ್ತೀನಿ, ನನಗೆ ನಗು ಬಂತು. ಡಿಸೈನ್ ಅಂದ್ರೆ ಲೋಗೋ, ಬಣ್ಣ, ಬಟನ್ ಅಂದ್ಕೊಂಡಿದ್ದೆ. ಆನೆ ಲೈನ್ ಮನೆ ಹತ್ರ ಬಂದಿದೆ, ಇವರು ಬಣ್ಣದ ಚೀಟಿ ಅಂಟಿಸ್ತಾರಂತೆ!

ಡಿಸೈನ್ ವರ್ಕ್‌ಶಾಪ್ ಅಂದ್ರೆ ಏನು?

ಇದಕ್ಕೆ ಹಲವು ರೂಪ ಇವೆ. ಹೆಚ್ಚು ಹೆಸರಾದದ್ದು ಡಿಸೈನ್ ಸ್ಪ್ರಿಂಟ್. ಗೂಗಲ್‌ನಲ್ಲಿದ್ದ ಜೇಕ್ ನ್ಯಾಪ್ ಅನ್ನೋರು ರೂಪಿಸಿದ ಪದ್ಧತಿ. 2016ರಲ್ಲಿ ಅದರ ಬಗ್ಗೆ ಪುಸ್ತಕ ಬಂದ ಮೇಲೆ ಎಲ್ಲ ಕಡೆ ಹರಡಿತು. ಲೆಕ್ಕ ಐದು ದಿನದ್ದು. ಮೊದಲ ದಿನ ಸಮಸ್ಯೆಯ ನಕ್ಷೆ ಬರೀಬೇಕು. ಎರಡನೇ ದಿನ ಪ್ರತಿಯೊಬ್ಬರೂ ತಮ್ಮ ಪರಿಹಾರವನ್ನ ಕಾಗದದ ಮೇಲೆ ಗೀಚಬೇಕು. ಮೂರನೇ ದಿನ ಒಂದನ್ನ ಆರಿಸಬೇಕು. ನಾಲ್ಕನೇ ದಿನ ಅದರ ನಕಲಿ ಮಾದರಿ. ಐದನೇ ದಿನ ಆ ಮಾದರಿಯನ್ನ ನಿಜವಾದ ಐದು ಬಳಕೆದಾರರ ಮುಂದೆ ಇಟ್ಟು ಸುಮ್ಮನೆ ನೋಡಬೇಕು.

ಗೋಡೆಗೆ ಚೀಟಿ ಅಂಟಿಸಿ ಗುಂಪು ಮಾಡೋದು ಇದಕ್ಕಿಂತ ಹಳೇದು. ಆ ಪದ್ಧತಿಯನ್ನ ರೂಪಿಸಿದವರಲ್ಲಿ ಮುಖ್ಯರು ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿಟ. ನೇಪಾಳದ ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಊರಿಂದ ತಂದ ರಾಶಿ ರಾಶಿ ಟಿಪ್ಪಣಿಗಳನ್ನ ಅರ್ಥ ಮಾಡ್ಕೊಳ್ಳೋಕೆ ಒಂದೊಂದು ವಿಷಯವನ್ನ ಒಂದೊಂದು ಚೀಟಿಯಲ್ಲಿ ಬರೆದು, ಹೊಂದೋದನ್ನ ಹತ್ತಿರ ಇಡೋ ಕ್ರಮ. ಅಂದ್ರೆ ಇವತ್ತು ಐಟಿ ಕಂಪನಿಗಳ ಗಾಜಿನ ಗೋಡೆ ಮೇಲೆ ಕಾಣೋ ಬಣ್ಣದ ಚೀಟಿಗಳ ಬೇರು ಹಳ್ಳಿಯ ಕ್ಷೇತ್ರಕಾರ್ಯದಲ್ಲೂ ಇದೆ. ಇದು ಗೊತ್ತಾದ ಮೇಲೆ ನನ್ನ ನಗು ಸ್ವಲ್ಪ ಕಮ್ಮಿ ಆಯ್ತು.

ನಮಗೆ ಐದು ದಿನ ಇರಲಿಲ್ಲ. ಎರಡು ದಿನಕ್ಕೆ ಇಳಿಸಿದ್ವಿ.

ಎಲ್ಲಿ ಮಾಡೋದು, ಯಾರಿಗೆ ದುಡ್ಡು ಕೊಡೋದು

ಮೊದಲ ಪ್ಲ್ಯಾನ್ ಬೆಂಗಳೂರಿನಲ್ಲಿ, ಎಸಿ ಇರೋ ಕೋ-ವರ್ಕಿಂಗ್ ಜಾಗದಲ್ಲಿ. ನಾನು ಅಣ್ಣನಿಗೆ ಫೋನ್ ಮಾಡಿ ಕರೆದೆ. ಅವರು ಕೇಳಿದ್ದು ಒಂದೇ ಮಾತು: "ಬರೋರು ಯಾರ್ಯಾರು?"

ಪಟ್ಟಿ ಓದಿದೆ. ಅವರನ್ನ ಬಿಟ್ರೆ ಆನೆ ಎದುರಿಗೆ ಸಿಕ್ಕರೆ ಓಡಬೇಕಾದವರು ಒಬ್ಬರೂ ಇರಲಿಲ್ಲ.

ಹಾಗಾಗಿ ಜಾಗ ಊರಿನ ಸಮುದಾಯ ಭವನಕ್ಕೆ ಬದಲಾಯ್ತು. ಆಮೇಲೆ ದಿನದ ಪ್ರಶ್ನೆ. ವಾರದ ರಜೆ ದಿನ ಇಟ್ರೆ ತೋಟದವರಿಗೆ ಅದು ಸಂತೆ ದಿನ. ಕೆಲಸದ ದಿನ ಇಟ್ರೆ ಕೂಲಿ ಹೋಗುತ್ತೆ. ಇಲ್ಲಿ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ಸಾಫ್ಟ್‌ವೇರ್‌ನವರ ಸಮಯಕ್ಕೆ ಬೆಲೆ ಕಟ್ಟಿ ಗ್ರಾಂಟ್ ಅರ್ಜಿಯಲ್ಲಿ ಬರೆದಿದ್ವಿ. ಊರಿನವರ ಸಮಯಕ್ಕೆ ಸೊನ್ನೆ ಹಾಕಿದ್ವಿ. ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಅಂದ್ರೆ, ಅವರ ಮಾತಿಗೂ ಅಷ್ಟೇ ಬೆಲೆ ಅಂತ ನಾವೇ ಬರೆದುಕೊಟ್ಟ ಹಾಗೆ. ಬಂದ ಐದು ಜನಕ್ಕೂ ಪೂರ್ತಿ ದಿನದ ಕೂಲಿ, ಊಟ, ಮನೆಗೆ ಜೀಪು. ಈ ಖರ್ಚನ್ನ ಮೊದಲ ಸಾಲಿನಲ್ಲೇ ಬರೆದೆ.

ಬಂದವರು: ಲೈನ್ ಮನೆಯ ಇಬ್ಬರು ಅಕ್ಕಂದಿರು, ತೋಟದ ರೈಟರ್ ಒಬ್ಬರು, ಅರಣ್ಯ ಇಲಾಖೆಯ ಒಬ್ಬ ವಾಚರ್, ಆಳುಗಳನ್ನ ಕರ್ಕೊಂಡು ಹೋಗೋ ಜೀಪಿನ ಡ್ರೈವರ್.

ಮೊದಲ ಚೀಟಿ

ಶುರುವಾಗಿದ್ದೇ ನಾನು ಮೊದಲು ಹೇಳಿದ ಆಟದಿಂದ. ಮಾತಾಡೋ ಹಾಗಿಲ್ಲ, ಬರೀಬೇಕು ಅಷ್ಟೆ. ಇದರ ಹಿಂದೆ ಕಾರಣ ಇದೆ. ಮಾತು ಬಿಟ್ರೆ ಜೋರಾಗಿ ಮಾತಾಡೋರ ಉತ್ತರವೇ ಎಲ್ಲರ ಉತ್ತರ ಆಗ್ಬಿಡುತ್ತೆ. ನಮ್ಮ ಏಳು ಚೀಟಿ ಇಲ್ಲಿವೆ:

"ಕ್ಯಾಮೆರಾದಲ್ಲಿ ಆನೆ ಗುರುತಿಸೋ ಎಐ."

"ಎಲ್ಲ ಕಾಡುಪ್ರಾಣಿಗೂ ಆಗೋ ಒಂದು ಓಪನ್ ಸೋರ್ಸ್ ಪ್ಲಾಟ್‌ಫಾರ್ಮ್."

"ಸೋಲಾರ್‌ನಲ್ಲಿ ನಡೆಯೋ ಕಡಿಮೆ ಬೆಲೆಯ ಅಲಾರಂ."

"ಆನೆ ಕಂಡವರು ತಾವೇ ಮಾಹಿತಿ ಹಾಕೋ ಆ್ಯಪ್."

"ಆನೆಗಳ ಓಡಾಟದ ಐದು ವರ್ಷದ ಡೇಟಾ."

"ಮಾರ್ಚ್ ಒಳಗೆ ಗ್ರಾಂಟ್ ಕೊಟ್ಟೋರಿಗೆ ತೋರಿಸಬೇಕಾದ ಡೆಮೊ." ಇದು ನಂದು. ನಾಚಿಕೆ ಆಯ್ತು, ಆದ್ರೂ ಗೋಡೆಗೆ ಅಂಟಿಸಿದೆ.

ಕೊನೇದು ಅಣ್ಣಂದು: "ಸಂಜೆ ತೋಟದಿಂದ ಹೊರಟೋರು ಮನೆ ಮುಟ್ಟಬೇಕು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಲ್ಕು ತಿಂಗಳಿಂದ ನಾವು ಜಗಳ ಆಡ್ತಿದ್ದದ್ದು ಬಟನ್ ಎಲ್ಲಿರಬೇಕು, ಯಾವ ಡೇಟಾಬೇಸ್ ಬಳಸಬೇಕು ಅಂತ. ನಿಜವಾದ ಜಗಳ ಇಲ್ಲಿತ್ತು, ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ಸಂಜೆಯ ನಕ್ಷೆ

ಎರಡನೇ ಕೆಲಸ: ಗೋಡೆ ಮೇಲೆ ಉದ್ದಕ್ಕೆ ಒಂದು ಗೆರೆ. ಒಂದು ತುದಿಯಲ್ಲಿ ಮಧ್ಯಾಹ್ನ 3 ಗಂಟೆ, ಇನ್ನೊಂದು ತುದಿಯಲ್ಲಿ ರಾತ್ರಿ 8. ಆನೆ ಊರಿನ ಹತ್ರ ಇದ್ದ ಒಂದು ದಿನ ಏನೇನಾಯ್ತು ಅಂತ ಒಬ್ಬೊಬ್ಬರಾಗಿ ಹೇಳ್ತಾ ಹೋಗಬೇಕು. ಯಾರಿಗೆ ಯಾವಾಗ ಏನು ಗೊತ್ತಿತ್ತು?

ವಾಚರ್ ಹೇಳಿದ್ರು, "ಮೂರು ಗಂಟೆಗೇ ನಂಗೆ ಗೊತ್ತಿತ್ತು. ಹಳ್ಳದ ಆಚೆ ಲದ್ದಿ ನೋಡಿದೆ. ಮೇಲಿನವರಿಗೆ ಫೋನ್ ಮಾಡಿದೆ."

ರೈಟರ್ ಹೇಳಿದ್ರು, "ನಾಲ್ಕಕ್ಕೆ ನಮ್ಮ ಗ್ರೂಪ್‌ನಲ್ಲಿ ಮೆಸೇಜ್ ಬಂದಿತ್ತು. ನಾನು ನೋಡಿದ್ದು ಏಳಕ್ಕೆ. ತೋಟದೊಳಗೆ ನೆಟ್‌ವರ್ಕ್ ಎಲ್ಲಿದೆ?"

ಒಬ್ಬರು ಅಕ್ಕ ಹೇಳಿದ್ರು, "ಐದಕ್ಕೆ ಹಾಜರಿ ಹಾಕಿ ಬಿಡ್ತಾರೆ. ತಲೆ ಮೇಲೆ ಸೌದೆ ಹೊರೆ. ಫೋನು ಕೀಪ್ಯಾಡು, ಅದೂ ಮನೇಲಿ. ನಮಗೆ ಆನೆ ಗೊತ್ತಾಗೋದು ಆನೆ ಕಂಡಾಗಲೇ."

ಗೆರೆ ಮೇಲೆ ಎರಡು ಚುಕ್ಕೆ ಬಿದ್ವು. ಮೂರು ಗಂಟೆಗೆ ಒಬ್ಬರಿಗೆ ಗೊತ್ತು. ಐದೂವರೆಗೆ ನಡ್ಕೊಂಡು ಹೋಗೋರಿಗೆ ಗೊತ್ತಿಲ್ಲ. ನಡುವೆ ಎರಡೂವರೆ ಗಂಟೆ. ಎಐ ಕ್ಯಾಮೆರಾ ಬರೀತಿದ್ದ ಹುಡುಗ ನಿಧಾನಕ್ಕೆ ಹೇಳಿದ: "ಹಂಗಾದ್ರೆ ಆನೆ ಪತ್ತೆ ಹಚ್ಚೋದು ಇಲ್ಲಿ ಸಮಸ್ಯೆನೇ ಅಲ್ಲ."

ಇದು ನಮ್ಮ ಹೊಸ ಸಂಶೋಧನೆ ಏನಲ್ಲ. ತಮಿಳುನಾಡಿನ ವಾಲ್ಪಾರೈ ಕಥೆ ಕೇಳಿ. ಆನೈಮಲೈ ಬೆಟ್ಟಗಳಲ್ಲಿ ಸುಮಾರು 220 ಚದರ ಕಿಲೋಮೀಟರ್‌ನ ಚಹಾ, ಕಾಫಿ ತೋಟಗಳ ಸೀಮೆ. ಸುಮಾರು 70,000 ಜನ ಇದ್ದಾರೆ, ಆನೆಗಳೂ ಅಲ್ಲೇ ಓಡಾಡ್ತವೆ. ಅಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಎಂ. ಆನಂದ ಕುಮಾರ್ ಮತ್ತು ಅವರ ತಂಡ ವರ್ಷಗಟ್ಟಲೆ ಅಧ್ಯಯನ ಮಾಡಿದಾಗ ಕಂಡದ್ದು, ಬಹಳಷ್ಟು ಸಾವು ಆಗ್ತಿದ್ದದ್ದು ಆನೆ ಹತ್ತಿರ ಇದೆ ಅಂತ ಜನಕ್ಕೆ ಗೊತ್ತಿಲ್ಲದೆ ಎದುರಾದಾಗ. ಅವರು ಆನೆಯನ್ನ ಓಡಿಸೋ ಯಂತ್ರ ಹುಡುಕಲಿಲ್ಲ. ಲೋಕಲ್ ಕೇಬಲ್ ಟಿವಿಯಲ್ಲಿ ಕೆಳಗೆ ಓಡೋ ಸಾಲಿನಲ್ಲಿ ಸುದ್ದಿ ಹಾಕಿಸಿದ್ರು. ಮೊಬೈಲ್‌ಗೆ ಎಸ್‌ಎಂಎಸ್ ಕಳಿಸಿದ್ರು. ಎದ್ದು ಕಾಣೋ ಜಾಗಗಳಲ್ಲಿ ಕೆಂಪು ದೀಪ ಇಟ್ಟು, ಮೊಬೈಲ್‌ನಿಂದ ಅದನ್ನ ಹತ್ತಿಸೋ ಕೆಲಸವನ್ನ ಊರಿನವರ ಕೈಗೇ ಕೊಟ್ರು. ಈ ಕೆಲಸಕ್ಕೆ 2015ರಲ್ಲಿ ಆನಂದ ಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ನಮ್ಮ ಹಾಸನ ಜಿಲ್ಲೆಯಲ್ಲೂ ಅರಣ್ಯ ಇಲಾಖೆ ಜೊತೆ ಸೇರಿ ಇಂಥ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿದ್ದಾರೆ.

ವಾಲ್ಪಾರೈ ಬಗ್ಗೆ ನಮ್ಮ ಸಂಶೋಧಕರು ಮೊದಲೇ ಹೇಳಿದ್ರು. ನಾವೂ ಕೇಳಿದ್ವಿ, ತಲೆ ಆಡಿಸಿದ್ವಿ. ಆದ್ರೆ ನಮ್ಮದೇ ಊರಿನ ಗೆರೆ ಮೇಲೆ ಆ ಎರಡೂವರೆ ಗಂಟೆಯನ್ನ ನೋಡೋವರೆಗೂ ಅದು ನಮ್ಮ ಒಳಗೆ ಇಳಿದಿರಲಿಲ್ಲ.

ಏನನ್ನ ಮಾಡಲ್ಲ

ಮೂರನೇ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಏನು ಮಾಡ್ತೀವಿ ಅಂತ ಪಟ್ಟಿ ಮಾಡೋದು ಸುಲಭ, ಖುಷಿ ಕೊಡುತ್ತೆ. ಏನು ಮಾಡಲ್ಲ ಅಂತ ಬರೆಯೋವಾಗ ಒಬ್ಬೊಬ್ಬರ ಕನಸು ಗೋಡೆಯಿಂದ ಇಳಿಯುತ್ತೆ.

ಇಲ್ಲಿ ನಮಗೆ ಸಹಾಯ ಮಾಡಿದ್ದು ಆಡಿಯೋಮಾತ್ ಅನ್ನೋ ಸಾಧನದ ಉದಾಹರಣೆ. ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಯುವ ಸಂಶೋಧಕರು ಮಾಡಿದ, ಕಾಡಿನ ಸದ್ದು ರೆಕಾರ್ಡ್ ಮಾಡೋ ಒಂದು ಪುಟ್ಟ ಯಂತ್ರ. ಅದರ ವಿನ್ಯಾಸ ಎಲ್ಲರಿಗೂ ತೆರೆದಿದೆ. ಕೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮೂರು ಎಎ ಸೆಲ್, ಒಂದು ಮೆಮೊರಿ ಕಾರ್ಡ್, ಒಂದು ಸ್ವಿಚ್. ಸ್ಕ್ರೀನ್ ಇಲ್ಲ. ಹಾಗಾಗಿ ಬೆಲೆ ಕಮ್ಮಿ, ಬ್ಯಾಟರಿ ಬಾಳಿಕೆ ಜಾಸ್ತಿ. ಬಾವಲಿಗಳ ಸದ್ದು ಕೇಳೋಕೂ, ಬೆಲೀಜ್ ದೇಶದ ಕಾಡಿನಲ್ಲಿ ಬೇಟೆಗಾರರ ಕೋವಿ ಸದ್ದು ಹಿಡಿಯೋಕೂ ಬಳಸಿದ್ದಾರೆ. ಬಿಟ್ಟದ್ದರಿಂದಲೇ ಅದು ಅಷ್ಟು ಕಡೆ ಮುಟ್ಟಿತು.

ಸರಿ, ನಾವು ಬಿಟ್ಟದ್ದು: ಎಐ ಕ್ಯಾಮೆರಾ ಬೇಡ. ಎಲ್ಲ ಪ್ರಾಣಿಗಳ ಪ್ಲಾಟ್‌ಫಾರ್ಮ್ ಬೇಡ. ಸ್ಮಾರ್ಟ್‌ಫೋನ್ ಇದ್ದರೆ ಮಾತ್ರ ನಡೆಯೋದು ಏನೂ ಬೇಡ. ಮಾರ್ಚ್‌ನ ಡೆಮೊ ಕೂಡ ಬೇಡ. ಗ್ರಾಂಟ್ ಕೊಟ್ಟೋರಿಗೆ ನಾನೇ ಪತ್ರ ಬರೀತೀನಿ ಅಂತ ಒಪ್ಕೊಂಡೆ.

ಇದನ್ನ ಯಾರು ದುರುಪಯೋಗ ಮಾಡ್ಕೋಬಹುದು?

ಆಮೇಲೆ ಆ ರೀಲ್ ಹುಡುಗರ ಸಂಜೆಯ ವಿಷಯ ತೆಗೆದ್ವಿ. ಡಿಸೈನರ್ ಇನ್ನೊಂದು ಚೀಟಿ ಕೊಟ್ಟು ಕೇಳಿದ್ರು: "ನೀವು ಕೆಟ್ಟವರು ಅಂದ್ಕೊಳ್ಳಿ. ಇದನ್ನ ಹೇಗೆ ಬಳಸ್ತೀರಿ?"

ಭಯ ಆಗುವಷ್ಟು ಬೇಗ ಉತ್ತರ ಬಂದ್ವು. ಕಳ್ಳಬೇಟೆಯವರಿಗೆ ಚುಕ್ಕೆ ನೋಡಿದ್ರೆ ಸಾಕು. ಹೋಮ್‌ಸ್ಟೇ ನಡೆಸೋರಿಗೆ ಅತಿಥಿಗಳನ್ನ ಕರ್ಕೊಂಡು ಹೋಗೋಕೆ ಅನುಕೂಲ. ಪಟಾಕಿ ಹೊಡೆದು ಆನೆಯನ್ನ ಪಕ್ಕದ ತೋಟಕ್ಕೆ ಅಟ್ಟೋರಿಗೂ ಅನುಕೂಲ.

ಇದು ಕಟ್ಟುಕಥೆ ಅಲ್ಲ. 2013ರಲ್ಲಿ ಮಧ್ಯಪ್ರದೇಶದ ಪನ್ನಾ ಹುಲಿಯೊಂದರ ಜಿಪಿಎಸ್ ಕಾಲರ್ ಮಾಹಿತಿ ಬರ್ತಿದ್ದ ಇಮೇಲ್ ಖಾತೆಗೆ ಯಾರೋ ನುಗ್ಗೋಕೆ ಪ್ರಯತ್ನ ಮಾಡಿದ್ದು ದೊಡ್ಡ ಸುದ್ದಿ ಆಗಿತ್ತು.

ಇಲ್ಲಿ ನಾನು ಕಲಿತ ಪಾಠ, ನೀವೂ ನೆನಪಿಟ್ಕೊಳ್ಳಿ: ಓಪನ್ ಸೋರ್ಸ್ ಬೇರೆ, ಓಪನ್ ಡೇಟಾ ಬೇರೆ. ಕೋಡ್ ಜಗತ್ತಿಗೆಲ್ಲ ತೆರೆದಿರಲಿ. ಆನೆ ಈಗ ಎಲ್ಲಿದೆ ಅನ್ನೋದು ಅದರ ದಾರಿಯಲ್ಲಿ ನಡೆಯೋರಿಗೆ ಮಾತ್ರ ಗೊತ್ತಾಗಲಿ. ಮ್ಯಾಪ್ ತೆಗೆದುಹಾಕಿದ್ವಿ. ಸಂಶೋಧಕರಿಗೆ ಡೇಟಾ ಸಿಗುತ್ತೆ, ಆದ್ರೆ ತಿಂಗಳುಗಳು ಕಳೆದ ಮೇಲೆ, ನಿಖರ ಜಾಗ ಮಸುಕು ಮಾಡಿ. ಅವರು ಒಪ್ಪಿದ್ರು. ಈ ಸಂಚಿಕೆಯಲ್ಲಿ ಊರಿನ ಹೆಸರು ಹೇಳದೇ ಇರೋದಕ್ಕೂ ಇದೇ ಕಾರಣ.

ರಟ್ಟಿನ ಫೋನ್

ಎರಡನೇ ದಿನ ಮಾದರಿ. ಒಂದು ಸಾಲೂ ಕೋಡ್ ಬರೀಲಿಲ್ಲ. ರಟ್ಟು ಕತ್ತರಿಸಿ ಕೀಪ್ಯಾಡ್ ಫೋನ್ ಮಾಡಿದ್ವಿ. ಫೋನ್ ಕರೆ ಬಂದ ಹಾಗೆ ಒಬ್ಬರು ಬಾಯಲ್ಲೇ ರಿಂಗ್ ಮಾಡೋದು, ಇನ್ನೊಬ್ಬರು ರೆಕಾರ್ಡ್ ಆದ ಧ್ವನಿಯ ಹಾಗೆ ಓದೋದು. ಕೆಂಪು ಸೆಲ್ಲೋಫೇನ್ ಸುತ್ತಿದ ಟಾರ್ಚ್, ಅದೇ ದೀಪ. ನಗು ತಡೆಯೋಕಾಗ್ತಿರಲಿಲ್ಲ.

ಅಗ್ಗದ ಮಾದರಿಗೆ ಒಂದು ಗುಣ ಇದೆ. ನೋಡಿದವರಿಗೆ ಅದನ್ನ ತೆಗಳೋಕೆ ಸಂಕೋಚ ಆಗಲ್ಲ. ಮಿಂಚೋ ಆ್ಯಪ್ ತೋರಿಸಿದ್ರೆ "ಚೆನ್ನಾಗಿದೆ ಸಾರ್" ಅಂತಾರೆ. ರಟ್ಟಿನ ಫೋನ್ ನೋಡಿ ನಿಜ ಹೇಳ್ತಾರೆ.

ಮೊದಲ ನಿಜ ಒಬ್ಬರು ಅಕ್ಕನಿಂದ: "ಕನ್ನಡದಾಗೆ ಹೇಳಿದ್ರೆ ನಂಗೆ ಸರಿ. ನಮ್ಮ ಲೈನ್‌ನಾಗೆ ಅರ್ಧ ಜನ ಅಸ್ಸಾಂ ಕಡೆಯೋರು. ಅವ್ರಿಗೆ?" ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಹಿಂದಿ ಧ್ವನಿಯೂ ಸೇರಿತು.

ಎರಡನೇ ನಿಜ ರೈಟರ್ ಹೇಳಿದ್ದು: "ಅವರಿಗೆ ಫೋನ್ ಮಾಡಿ ಏನು ಪ್ರಯೋಜನ? ಆಫೀಸಿನ ಲ್ಯಾಂಡ್‌ಲೈನ್‌ಗೆ ಮಾಡಿ. ಹಾಜರಿ ಹೊತ್ತಿಗೆ ಎಲ್ಲರೂ ನನ್ನ ಮುಂದೇ ನಿಂತಿರ್ತಾರೆ." ಅಂದ್ರೆ ನೂರು ಜನರ ಫೋನ್‌ಗೆ ಮುಟ್ಟಿಸಬೇಕಾದ ಸುದ್ದಿಯನ್ನ ಒಬ್ಬರ ಬಾಯಿಂದ, ಎಲ್ಲರೂ ಒಟ್ಟಿಗೆ ನಿಂತಿರೋ ಹೊತ್ತಲ್ಲಿ ಮುಟ್ಟಿಸಬಹುದು. ಈ ಒಂದು ಮಾತು ನಮ್ಮ ಅರ್ಧ ಕೋಡ್ ಉಳಿಸಿತು.

ಮೂರನೇದು ವಾಚರ್‌ದು. ಅದನ್ನ ನಾನು ಮರೆಯಲ್ಲ. ನಮ್ಮ ಮಾದರಿಯಲ್ಲಿ ಒಂದು ಹಸಿರು ದೀಪವೂ ಇತ್ತು. "ಇವತ್ತು ಆನೆ ಇಲ್ಲ, ನಿರಾಳವಾಗಿ ಹೋಗಿ" ಅಂತ. ಅವರು ಅದನ್ನ ಕೈಯಲ್ಲಿ ಹಿಡ್ಕೊಂಡು ನೋಡಿ ಕೆಳಗಿಟ್ರು. "ಇದೆ ಅಂತ ನಾನು ಹೇಳಬಲ್ಲೆ. ಇಲ್ಲ ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಹಸಿರು ನೋಡಿ ಯಾರಾದ್ರೂ ಹೋಗಿ ಏನಾದ್ರೂ ಆದ್ರೆ, ಆ ಮನೆಯವರ ಮುಂದೆ ನಾನು ನಿಲ್ಲಬೇಕು, ನೀವಲ್ಲ."

ಹಸಿರು ದೀಪ ಅಲ್ಲೇ ಕಸದ ಬುಟ್ಟಿಗೆ ಹೋಯ್ತು. ಕೋಡ್ ಬರೆದು ಮುಗಿಸಿ, ಊರಲ್ಲಿ ಹಾಕಿದ ಮೇಲೆ ಇದು ಗೊತ್ತಾಗಿದ್ರೆ? ಆ ಯೋಚನೆ ಬಂದಾಗ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಬಳಸೋರನ್ನ ಜೊತೆಗೆ ಕೂರಿಸ್ಕೊಂಡು ಮಾಡಿದ ಕೆಲಸಕ್ಕೆ ಹಳೆಯ, ಒಳ್ಳೆಯ ಉದಾಹರಣೆ ದಕ್ಷಿಣ ಆಫ್ರಿಕಾದ ಸೈಬರ್‌ಟ್ರ್ಯಾಕರ್. 1990ರ ದಶಕದಲ್ಲಿ ಲೂಯಿ ಲೀಬೆನ್‌ಬರ್ಗ್ ಅನ್ನೋರು ಹೆಜ್ಜೆ ಗುರುತು ಓದೋದರಲ್ಲಿ ನಿಪುಣರಾದ ಸ್ಥಳೀಯ ಜಾಡುಗಾರರ ಜೊತೆ ಸೇರಿ ಇದನ್ನ ಬೆಳೆಸಿದ್ರು. ಅವರಲ್ಲಿ ಕೆಲವರಿಗೆ ಓದು ಬರಹ ಬರ್ತಿರಲಿಲ್ಲ, ಆದ್ರೆ ಪ್ರಾಣಿ ಏನು ತಿಂದಿತು, ಎತ್ತ ಹೋಯಿತು ಅಂತ ಹೇಳೋ ವಿದ್ಯೆಯಲ್ಲಿ ಯಾವ ವಿಜ್ಞಾನಿಗೂ ಕಡಿಮೆ ಇರಲಿಲ್ಲ. ಹಾಗಾಗಿ ಅಕ್ಷರದ ಬದಲು ಚಿತ್ರಗಳ ಪರದೆ. ಚಿತ್ರ ಒತ್ತಿದ್ರೆ ಜಾಗದ ಸಮೇತ ದಾಖಲಾಗುತ್ತೆ. 1998ರಲ್ಲಿ ಲೀಬೆನ್‌ಬರ್ಗ್ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಓದೋಕೆ ಬರದವರಿಗೆ ತರಬೇತಿ ಕೊಡಿ ಅಂತ ಹೇಳೋದು ಸುಲಭ ಇತ್ತು. ಅವರು ಬದಲಾಯಿಸಿದ್ದು ಪರದೆಯನ್ನ.

ಎಲ್ಲ ಸರಿಹೋಯ್ತಾ?

ಇಲ್ಲ. ಎರಡು ದಿನಕ್ಕೆ ಎಲ್ಲ ಸರಿ ಆಗೋದಾದ್ರೆ ಇದು ಜಾಹೀರಾತು ಆಗ್ತಿತ್ತು.

ಎಐ ಕ್ಯಾಮೆರಾದ ಹುಡುಗ ಟೀಮ್ ಬಿಟ್ಟ. ಜಗಳ ಆಡಿ ಹೋಗಲಿಲ್ಲ. "ನನಗೆ ಕಲಿಯಬೇಕಿರೋದು ಅದು, ನಿಮಗೆ ಬೇಕಿರೋದು ಇದು" ಅಂತ ಹೇಳಿ ಹೋದ. ಅವನ ಕೋಡ್ ಬೇರೆಡೆ ಮುಂದುವರಿದಿದೆ. ಬೇಜಾರಾಯ್ತು, ಆದ್ರೆ ಇನ್ನೂ ಆರು ತಿಂಗಳು ಎಳೆದು, ಮುಖ ಕೆಡಿಸ್ಕೊಂಡು ಹೋಗೋದಕ್ಕಿಂತ ಇದು ಒಳ್ಳೇದು. ಒಮ್ಮತ ಅಂದ್ರೆ ಎಲ್ಲರೂ ಉಳ್ಕೋಬೇಕು ಅಂತ ನಾನು ಅಂದ್ಕೊಂಡಿದ್ದೆ. ಯಾವ ಕೆಲಸಕ್ಕೆ ಉಳೀತಿದ್ದೀವಿ ಅಂತ ಉಳಿದೋರಿಗೆ ಗೊತ್ತಿರೋದೂ ಒಮ್ಮತವೇ.

ಇನ್ನೊಂದು ತಪ್ಪು. ಮೊದಲ ದಿನ ಬೆಳಿಗ್ಗೆ ಇಬ್ಬರು ಅಕ್ಕಂದಿರು ಒಂದು ಮಾತೂ ಆಡಲಿಲ್ಲ. ಯಾಕಂದ್ರೆ ಎದುರಿಗೆ ರೈಟರ್ ಕೂತಿದ್ರು, ಹಾಜರಿ ಹಾಕೋರು ಅವರೇ. "ಇಲ್ಲಿ ಎಲ್ಲರೂ ಸಮಾನರು" ಅಂತ ನಾವು ಹೇಳಿದ್ದು ಗಾಳಿಗೆ ಹೋಯ್ತು. ಅಣ್ಣ ಗಮನಿಸಿ, ಊಟ ಆದ ಮೇಲೆ ಗುಂಪು ಬೇರೆ ಮಾಡಿಸಿದ್ರು. ಆಗ ಬಂತು ಸೌದೆ ಹೊರೆಯ ಮಾತು, ಕೀಪ್ಯಾಡ್ ಫೋನಿನ ಮಾತು. ಚೀಟಿ, ಪೆನ್ನು ಕೊಟ್ಟ ಮಾತ್ರಕ್ಕೆ ಭಯ ಹೋಗಲ್ಲ. ಬರೆಯೋಕೆ ಬರದವರ ಮಾತನ್ನ ಬರ್ಕೊಳ್ಳೋಕೆ ಪಕ್ಕದಲ್ಲಿ ಒಬ್ಬರು ಕೂರಬೇಕು, ಅದೂ ಅವರು ನಂಬುವಂಥವರು.

ನಿಮ್ಮ ಟೀಮ್‌ಗೆ

ನಿಮ್ಮಲ್ಲಿ ಕೆರೆ ಉಳಿಸೋರು ಇದ್ದೀರಿ, ಹಕ್ಕಿ ಎಣಿಸೋರು ಇದ್ದೀರಿ, ಹ್ಯಾಕಥಾನ್‌ಗೆ ಹೋಗೋರು ಇದ್ದೀರಿ. ಮಾಡಿ ನೋಡಬೇಕು ಅನ್ಸಿದ್ರೆ ಇಷ್ಟು ಸಾಕು: ಮಾತಿಲ್ಲದೆ ಒಂದು ಚೀಟಿ, ನಾವು ಮಾಡ್ತಿರೋದು ಏನು ಅಂತ. ಒಂದು ದಿನದ ಗೆರೆ, ಯಾರಿಗೆ ಯಾವಾಗ ಏನು ಗೊತ್ತು ಅಂತ. ಮಾಡಲ್ಲ ಅನ್ನೋದರ ಪಟ್ಟಿ. ದುರುಪಯೋಗದ ಚೀಟಿ. ರಟ್ಟಿನ ಮಾದರಿ. ಆ ಕೆಲಸದಿಂದ ಯಾರ ಬದುಕು ಬದಲಾಗುತ್ತೋ ಅವರು ಎದುರಿಗಿರಬೇಕು, ಅವರ ಆ ದಿನದ ಕೂಲಿ ನಿಮ್ಮ ಬಜೆಟ್‌ನಲ್ಲಿರಬೇಕು. ನಮ್ಮ ಖರ್ಚಿನಲ್ಲಿ ಚೀಟಿ, ಪೆನ್ನು, ರಟ್ಟಿನದ್ದು ಎಲ್ಲಕ್ಕಿಂತ ಸಣ್ಣ ಸಾಲು.

ಎರಡನೇ ದಿನ ಸಂಜೆ ಹೊರಡೋ ಮುಂಚೆ ಒಂದು ವಾಕ್ಯ ಬರೆದ್ವಿ. ಒಂದು ಗಂಟೆ ಹಿಡೀತು. ಈಗ ಅದು ನಮ್ಮ ಪ್ರಾಜೆಕ್ಟ್‌ನ ಕೋಡ್ ತೆರೆದ್ರೆ ಮೊದಲು ಕಾಣೋ ಪುಟದಲ್ಲಿ, ಕನ್ನಡದಲ್ಲೇ, ಎಲ್ಲಕ್ಕಿಂತ ಮೇಲೆ ಇದೆ: "ಆನೆ ಹತ್ತಿರ ಇರುವ ಸುದ್ದಿ, ತೋಟದವರು ಮನೆಗೆ ಹೊರಡುವ ಮುಂಚೆ, ಅವರ ಭಾಷೆಯಲ್ಲಿ, ಅವರಿಗೆ ಮಾತ್ರ ಮುಟ್ಟಬೇಕು." ಯಾರಾದ್ರೂ ಹೊಸ ಐಡಿಯಾ ತಂದ್ರೆ ಈ ವಾಕ್ಯದ ಪಕ್ಕ ಇಟ್ಟು ನೋಡ್ತೀವಿ. ಹೊಂದಿದ್ರೆ ಸರಿ, ಇಲ್ಲಾಂದ್ರೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಗ್ರೂಪ್‌ನಲ್ಲಿ ಜಗಳ ಈಗಲೂ ಆಗುತ್ತೆ, ಆದ್ರೆ ಬೇಗ ಮುಗಿಯುತ್ತೆ.

ಅಣ್ಣ ಈಗ ಗ್ರೂಪ್‌ನಲ್ಲಿ ಮೆಸೇಜ್ ಹಾಕ್ತಾರೆ. ಹೆಚ್ಚು ಬರೆಯಲ್ಲ. ಆನೆ ಇದ್ದ ದಿನ ಸಂಜೆ ಆರೂವರೆ ಹೊತ್ತಿಗೆ ಒಂದೇ ಸಾಲು ಬರುತ್ತೆ: "ಎಲ್ಲರೂ ಮನೆ ಸೇರಿದ್ರು." ಲೆಕ್ಕ ಬರೆಯೋ ನನಗೆ ಅದನ್ನ ಯಾವ ಕಾಲಮ್‌ನಲ್ಲಿ ಹಾಕ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ನಿಮ್ಮ ಟೀಮ್‌ನಲ್ಲಿ ಚೀಟಿ ಆಟ ಆಡಿ, ಎಷ್ಟು ಉತ್ತರ ಬಂದ್ವು ಅಂತ ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಒಂದು ಮಾತು ಮಾತ್ರ: ಕಾಡುಪ್ರಾಣಿ ಕಂಡ ಜಾಗದ ಲೊಕೇಶನ್ ಕಳಿಸಬೇಡಿ, ಎಲ್ಲೂ ಹಾಕಬೇಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.